ದೋಣಿಗೆ ಸೋಲಾರ್ ಗಾರ್ಡನ್ ಲೈಟ್ ಕಟ್ಟಿದರೆ ಸಾಕೇ? ಲಂಗರು ದೀಪದ ಅಸಲಿ ಲೆಕ್ಕ

ಅಂಗಳದ ಹೂಕುಂಡದ ಪಕ್ಕ ಚುಚ್ಚುವ ಸೋಲಾರ್ ಗಾರ್ಡನ್ ಲೈಟನ್ನು ದೋಣಿಯ ಕಂಬಕ್ಕೆ ಕಟ್ಟಿದರೆ ಮುಗಿಯಿತು, ರಾತ್ರಿ ಲಂಗರು ಹಾಕಿ ನಿಶ್ಚಿಂತೆಯಿಂದ ಮಲಗಬಹುದು ಎನ್ನುವ ಕಿರುವಿಡಿಯೋಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಈ ಉಪಾಯ ಹುಟ್ಟಿದ್ದು ಹಾಯಿದೋಣಿ ಹವ್ಯಾಸಿಗಳ ನಡುವೆ. ಸಣ್ಣ ಹಾಯಿದೋಣಿಯಲ್ಲಿ ಎಂಜಿನ್ ಇರುವುದಿಲ್ಲ, ಇದ್ದರೂ ಬ್ಯಾಟರಿ ಚಾರ್ಜ್ ಮಾಡುವ ವ್ಯವಸ್ಥೆ ಇರುವುದು ಅಪರೂಪ. ಹಾಗಾಗಿ ಸಿಕ್ಕಿದ ಬ್ಯಾಟರಿ, ಸಿಕ್ಕಿದ ಎಲ್‌ಇಡಿಯಲ್ಲೇ ದೀಪ ಮಾಡಿಕೊಳ್ಳುವುದು ಅವರಿಗೆ ರೂಢಿ. ನಮ್ಮ ಕರಾವಳಿಯ ನಾಡದೋಣಿಯವರ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸಣ್ಣ ಔಟ್‌ಬೋರ್ಡ್ ಎಂಜಿನ್‌ನ ಜೊತೆ ಬ್ಯಾಟರಿ ಸಾಮಾನ್ಯವಾಗಿ ಇರುವುದಿಲ್ಲ.

ಹಾಗಾದರೆ ಈ ಸಲಹೆ ಸರಿಯೇ? ಮನೆಯಲ್ಲೇ ಲಂಗರು ದೀಪ ಮಾಡಿಕೊಳ್ಳಬಹುದು ಎನ್ನುವುದು ನಿಜ. ಗಾರ್ಡನ್ ಲೈಟ್ ಸಾಕು ಎನ್ನುವುದು ಸುಳ್ಳು. "ಹೆಚ್ಚು ವ್ಯಾಟ್ ಇದ್ದಷ್ಟೂ ಒಳ್ಳೆಯದು" ಎನ್ನುವ ಇನ್ನೊಂದು ಸಲಹೆಯೂ ಸುಳ್ಳೇ. ಯಾಕೆ ಎನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ.

ಈ ದೀಪ ಇರುವುದು ನಮಗೆ ಕಾಣಲಿಕ್ಕಲ್ಲ

ಲಂಗರು ದೀಪದ ಕೆಲಸ ಒಂದೇ: ನಿಮ್ಮ ಕಡೆಗೆ ಬರುತ್ತಿರುವ ಇನ್ನೊಂದು ದೋಣಿಯ ತಾಂಡೇಲನಿಗೆ "ಇಲ್ಲೊಂದು ದೋಣಿ ನಿಂತಿದೆ, ಅದು ಕದಲುವುದಿಲ್ಲ, ನೀನೇ ಸುತ್ತಿ ಹೋಗು" ಎಂದು ಹೇಳುವುದು. ಸಮುದ್ರದಲ್ಲಿ ದೋಣಿಗಳ ಡಿಕ್ಕಿ ತಪ್ಪಿಸಲು 1972ರಲ್ಲಿ ರೂಪಿಸಿದ ಅಂತಾರಾಷ್ಟ್ರೀಯ ನಿಯಮಗಳಿವೆ. 1977ರಿಂದ ಜಾರಿಯಲ್ಲಿರುವ ಇವನ್ನು ಭಾರತವೂ ಒಪ್ಪಿಕೊಂಡಿದೆ. ಅದರ ಪ್ರಕಾರ 50 ಮೀಟರಿಗಿಂತ ಚಿಕ್ಕದಾದ ಯಾವುದೇ ದೋಣಿ ಲಂಗರು ಹಾಕಿ ನಿಂತಾಗ, ಸೂರ್ಯ ಮುಳುಗಿದಾಗಿನಿಂದ ಮೂಡುವವರೆಗೆ, ಚೆನ್ನಾಗಿ ಕಾಣುವ ಜಾಗದಲ್ಲಿ ಒಂದು ಬಿಳಿ ದೀಪ ಹಚ್ಚಿರಬೇಕು. ಅದು 360 ಡಿಗ್ರಿಯೂ, ಅಂದರೆ ಸುತ್ತಲೂ ಕಾಣಬೇಕು. ಕನಿಷ್ಠ 2 ನಾಟಿಕಲ್ ಮೈಲಿ ದೂರಕ್ಕೆ, ನಮ್ಮ ಲೆಕ್ಕದಲ್ಲಿ 3.7 ಕಿಲೋಮೀಟರ್‌ಗೆ, ಕಾಣಬೇಕು.

7 ಮೀಟರಿಗಿಂತ ಚಿಕ್ಕ ದೋಣಿಗೆ ವಿನಾಯಿತಿ ಇದೆ ಎಂದು ಕೆಲವರು ಹೇಳುತ್ತಾರೆ. ಇದೆ, ಆದರೆ ಅರ್ಧ ಮಾತ್ರ ಹೇಳಿದ ಸತ್ಯ ಅದು. ಕಿರಿದಾದ ಕಾಲುವೆ, ದೋಣಿಗಳು ಓಡಾಡುವ ದಾರಿ, ಲಂಗರು ಹಾಕುವ ತಾಣ, ಬೇರೆ ದೋಣಿಗಳು ಸಾಮಾನ್ಯವಾಗಿ ಸಂಚರಿಸುವ ಜಾಗ ಇವುಗಳಲ್ಲಾಗಲೀ ಹತ್ತಿರದಲ್ಲಾಗಲೀ ಇದ್ದರೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಮಲ್ಪೆ, ಗಂಗೊಳ್ಳಿ, ತದಡಿಯಂಥ ಕಡೆ ಬಂದರಿನ ಹತ್ತಿರ ನಿಂತವರಿಗೆ ಅದು ಸಿಗುವ ಮಾತೇ ಇಲ್ಲ. 7 ಮೀಟರ್ ಎಂದರೆ 23 ಅಡಿ. ನಮ್ಮ ನಾಡದೋಣಿಗಳಲ್ಲಿ ಎಷ್ಟೋ ಅದಕ್ಕಿಂತ ಉದ್ದವಾಗಿಯೇ ಇವೆ. ಅಂದಹಾಗೆ ಅಳಿವೆ ಬಾಯಿಯಂಥ ಇಕ್ಕಟ್ಟಾದ ದಾರಿಯಲ್ಲಿ, ಬೇರೆ ದಾರಿಯೇ ಇಲ್ಲದಿದ್ದರೆ ಹೊರತು, ದೀಪವಿದ್ದರೂ ಲಂಗರು ಹಾಕಬಾರದು ಎನ್ನುತ್ತದೆ ನಿಯಮ.

ಎರಡು ನಾಟಿಕಲ್ ಮೈಲಿಯೇ ಯಾಕೆ? ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ, ಅಂದರೆ 8 ನಾಟ್‌ನಲ್ಲಿ, ಬರುತ್ತಿರುವ ಒಂದು ಟ್ರಾಲ್ ಬೋಟನ್ನು ಊಹಿಸಿಕೊಳ್ಳಿ. 3.7 ಕಿಲೋಮೀಟರ್ ದೂರದಲ್ಲಿ ನಿಮ್ಮ ದೀಪ ಕಂಡರೆ ತಾಂಡೇಲನಿಗೆ 15 ನಿಮಿಷ ಸಿಗುತ್ತದೆ. ಅವನು ಚಹಾ ಕುಡಿಯುತ್ತಿರಬಹುದು, ಫೋನ್ ನೋಡುತ್ತಿರಬಹುದು, ಬಲೆ ಎಳೆದು ಸುಸ್ತಾಗಿ ತೂಕಡಿಸುತ್ತಿರಬಹುದು. 15 ನಿಮಿಷದಲ್ಲಿ ಒಮ್ಮೆಯಾದರೂ ತಲೆಯೆತ್ತಿ ನೋಡುತ್ತಾನೆ ಎನ್ನುವುದು ಭರವಸೆ. ದೂರ ಅರ್ಧ ಕಿಲೋಮೀಟರಿಗೆ ಇಳಿದರೆ ಅವನಿಗೆ ಉಳಿಯುವುದು ಎರಡು ನಿಮಿಷ.

ನಾಲ್ಕು ಮೇಣದಬತ್ತಿಯ ಬೆಳಕು

3.7 ಕಿಲೋಮೀಟರ್ ಎಂದ ಕೂಡಲೇ ದೊಡ್ಡ ಫ್ಲಡ್‌ಲೈಟ್ ಬೇಕಾದೀತು ಎನಿಸುತ್ತದೆ. ಅಲ್ಲೇ ಎಲ್ಲರೂ ಎಡವುವುದು. ನಿಯಮದ ತಾಂತ್ರಿಕ ಅನುಬಂಧದಲ್ಲಿ ದೂರಕ್ಕೆ ತಕ್ಕಂತೆ ಬೆಳಕಿನ ತೀವ್ರತೆಯನ್ನು ಕೊಟ್ಟಿದ್ದಾರೆ. 1 ನಾಟಿಕಲ್ ಮೈಲಿಗೆ 0.9 ಕ್ಯಾಂಡೆಲಾ, 2 ಮೈಲಿಗೆ 4.3, 3 ಮೈಲಿಗೆ 12. ಒಂದು ಕ್ಯಾಂಡೆಲಾ ಎಂದರೆ ಹೆಚ್ಚುಕಡಿಮೆ ಒಂದು ಮೇಣದಬತ್ತಿಯ ಬೆಳಕು. ನಂಬಲು ಕಷ್ಟವಾದರೂ, ತಿಳಿಯಾದ ಕತ್ತಲ ರಾತ್ರಿಯಲ್ಲಿ ನಾಲ್ಕೈದು ಮೇಣದಬತ್ತಿಯಷ್ಟು ಬೆಳಕು 3.7 ಕಿಲೋಮೀಟರ್ ದೂರದ ಕಣ್ಣಿಗೆ ಚುಕ್ಕಿಯಾಗಿ ಕಾಣುತ್ತದೆ. ನಮ್ಮ ಕಣ್ಣು ಅಷ್ಟು ಸೂಕ್ಷ್ಮ. ಹಿಂದಿನವರು ಸೀಮೆಎಣ್ಣೆಯ ಲಾಟೀನು ತೂಗುಹಾಕಿ ರಾತ್ರಿ ಕಳೆಯುತ್ತಿದ್ದುದು ಬರೀ ಧೈರ್ಯದ ಮೇಲಲ್ಲ.

ದೂರ ಎರಡು ಪಟ್ಟಾದರೆ ಬೇಕಾಗುವ ಬೆಳಕು ಎರಡಲ್ಲ, ನಾಲ್ಕು ಪಟ್ಟಿಗಿಂತಲೂ ಹೆಚ್ಚು ಎಂಬುದನ್ನೂ ಗಮನಿಸಿ. ಬೆಳಕು ಹರಡುತ್ತಾ ತೆಳ್ಳಗಾಗುವುದರಿಂದ ನಾಲ್ಕು ಪಟ್ಟು. ಗಾಳಿಯಲ್ಲಿರುವ ತೇವ, ಉಪ್ಪಿನ ಕಣಗಳು ಒಂದಿಷ್ಟನ್ನು ನುಂಗುವುದರಿಂದ ಅದರ ಮೇಲೊಂದಿಷ್ಟು.

ಈಗ ಇದನ್ನು ಬಲ್ಬಿನ ಭಾಷೆಗೆ ತರೋಣ. ಮೇಲೆ, ಕೆಳಗೆ, ಸುತ್ತ ಎಲ್ಲ ಕಡೆಗೂ ಸಮನಾಗಿ 4.3 ಕ್ಯಾಂಡೆಲಾ ಬೆಳಕು ಚೆಲ್ಲಬೇಕಾದರೆ ಒಟ್ಟು ಸುಮಾರು 54 ಲ್ಯೂಮೆನ್ ಬೇಕು. ಒಳ್ಳೆಯ ಎಲ್‌ಇಡಿ ಒಂದು ವ್ಯಾಟ್‌ಗೆ 100 ಲ್ಯೂಮೆನ್ ಕೊಡುತ್ತದೆ. ಅಂದರೆ ಅರ್ಧ ವ್ಯಾಟ್ ಸಾಕು! ಅಂಗಡಿಯಲ್ಲಿ ಸಿಗುವ ಅಸಲಿ ನಾವಿಕ ದೀಪಗಳ ಗಾಜಿನಲ್ಲಿ ಬಳೆಬಳೆಯಂಥ ಗೆರೆಗಳಿರುತ್ತವೆ. ಆಕಾಶಕ್ಕೂ ನೀರಿಗೂ ಹೋಗಿ ವ್ಯರ್ಥವಾಗುವ ಬೆಳಕನ್ನು ಬಗ್ಗಿಸಿ, ನೋಡುವವರಿರುವ ಅಡ್ಡ ದಿಕ್ಕಿಗೇ ಕಳಿಸುವ ಮಸೂರ ಅದು. ದೀಪಸ್ತಂಭಗಳಲ್ಲಿ ಇರುವ ಉಪಾಯವೂ ಅದೇ. ಅಂಥ ಗಾಜು ಇದ್ದರೆ ಇನ್ನೂ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮುಗಿಯುತ್ತದೆ.

ಹೀಗಿರುವಾಗ 50 ವ್ಯಾಟ್‌ನ ಫ್ಲಡ್‌ಲೈಟ್ ಹಾಕಿದರೆ ಲಾಭವೇನು? ಕಂಪ್ಯೂಟರ್ ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವ ಒಟ್ಟು ಶಕ್ತಿ 84 ವ್ಯಾಟ್-ಅವರ್. ಫ್ಲಡ್‌ಲೈಟ್ ಅದನ್ನು ಎರಡು ಗಂಟೆಯೊಳಗೆ ಕುಡಿದು ಮುಗಿಸುತ್ತದೆ. ಅಷ್ಟು ಹೊತ್ತೂ ಅದು ಬೆಳಗುವುದು ಒಂದೇ ಕಡೆಗೆ. ಎದುರು ಬರುವವನ ಕಣ್ಣು ಕೋರೈಸಿ, ಬೆಳಕಿನ ಕೆಳಗೆ ದೋಣಿ ಎಷ್ಟು ಉದ್ದ ಇದೆ, ಲಂಗರಿನ ಹಗ್ಗ ಯಾವ ಕಡೆಗಿದೆ ಎನ್ನುವುದೇ ಅವನಿಗೆ ತಿಳಿಯುವುದಿಲ್ಲ. ನಿಮ್ಮ ಕಣ್ಣೂ ಕುರುಡಾಗುತ್ತದೆ. ಪ್ರಖರ ಬೆಳಕು ನೋಡಿದ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ.

ಮೊಬೈಲ್ ಟಾರ್ಚ್ ಯಾಕೆ ಸಾಲದು?

ಎದುರಿನಿಂದ ನೋಡಿದರೆ ಮೊಬೈಲ್ ಟಾರ್ಚ್‌ನ ಬೆಳಕು ಬೇಕಾದಷ್ಟಾಯಿತು. ಸಮಸ್ಯೆ ಇರುವುದು ಬೆನ್ನ ಹಿಂದೆ. ಅಲ್ಲಿ ಸೊನ್ನೆ.

"ಬೋಟುಗಳು ಬರುವುದು ಪಡುವಣ ಕಡೆಯಿಂದ, ಟಾರ್ಚನ್ನು ಆ ಕಡೆಗೇ ಮುಖ ಮಾಡಿ ಕಟ್ಟಿದರಾಯಿತು" ಎನ್ನುವವರಿಗೆ ನಮ್ಮ ಕರಾವಳಿಯ ಗಾಳಿಯೇ ಉತ್ತರ ಕೊಡುತ್ತದೆ. ಲಂಗರು ಹಾಕಿದ ದೋಣಿ ನಿಂತಲ್ಲೇ ಗಾಳಿ, ನೀರಿನ ಸೆಳೆತಕ್ಕೆ ತಕ್ಕಂತೆ ತಿರುಗುತ್ತದೆ. ಮೂತಿಗೆ ಹಗ್ಗ ಕಟ್ಟಿರುವುದರಿಂದ ಮೂತಿ ಗಾಳಿ ಬರುವ ದಿಕ್ಕಿಗೆ ಮುಖ ಮಾಡುತ್ತದೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಸಂಜೆ ಕಡಲಗಾಳಿ ಬೀಸುತ್ತದೆ, ಆಗ ಮೂತಿ ಸಮುದ್ರದ ಕಡೆಗೆ. ರಾತ್ರಿ ನೆಲ ತಣ್ಣಗಾದ ಮೇಲೆ ಗಾಳಿ ತಿರುಗಿ ನೆಲದಿಂದ ಕಡಲಿಗೆ ಬೀಸತೊಡಗುತ್ತದೆ. ದೋಣಿಯೂ ಮೆಲ್ಲನೆ ತಿರುಗುತ್ತದೆ. ಸಂಜೆ ಏಳಕ್ಕೆ ಕಡಲಿನತ್ತ ನೋಡುತ್ತಿದ್ದ ಟಾರ್ಚ್ ಬೆಳಗಿನ ಜಾವ ಮೂರಕ್ಕೆ ತೆಂಗಿನ ತೋಟಕ್ಕೆ ಬೆಳಕು ಬಿಡುತ್ತಿರುತ್ತದೆ! ಮಲಗಿದವರಿಗೆ ಇದು ಗೊತ್ತೂ ಆಗುವುದಿಲ್ಲ.

ದೀಪಾವಳಿಗೆ ಅಂಗಳದಲ್ಲಿ ಕಟ್ಟುವ ಗೂಡುದೀಪವನ್ನು ನೆನಪಿಸಿಕೊಳ್ಳಿ. ಅದರ ಬಲ್ಬ್ ಚಿಕ್ಕದು, ಆದರೆ ಯಾವ ಮನೆಯಿಂದ ನೋಡಿದರೂ ಒಂದೇ ಥರ ಕಾಣುತ್ತದೆ. ಲಂಗರು ದೀಪ ಇರಬೇಕಾದ್ದು ಹಾಗೆ.

ಗಾರ್ಡನ್ ಲೈಟಿನ ಲೆಕ್ಕ

ಈಗ ವಿಡಿಯೋದ ವಿಷಯಕ್ಕೆ ಬರೋಣ. ಅಗ್ಗದ ಗಾರ್ಡನ್ ಲೈಟ್ ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಸಿಗುವುದು 1.2 ವೋಲ್ಟ್, 600 ಮಿಲಿಆಂಪಿಯರ್-ಅವರ್‌ನ ಒಂದೇ ಒಂದು ರೀಚಾರ್ಜೆಬಲ್ ಸೆಲ್. ಅದರಲ್ಲಿರುವ ಶಕ್ತಿ 0.72 ವ್ಯಾಟ್-ಅವರ್. ಡಿಸೆಂಬರಿನಲ್ಲಿ ನಮ್ಮಲ್ಲಿ ರಾತ್ರಿ ಹನ್ನೆರಡೂವರೆ ಗಂಟೆಗೂ ಉದ್ದ, 13 ಎಂದೇ ಹಿಡಿಯೋಣ. ಭಾಗಿಸಿದರೆ ಗಂಟೆಗೆ ಸಿಗುವುದು 0.055 ವ್ಯಾಟ್, ಅಂದರೆ ಐದೂವರೆ ಲ್ಯೂಮೆನ್, ಅಂದರೆ ಅರ್ಧ ಕ್ಯಾಂಡೆಲಾಕ್ಕೂ ಕಡಿಮೆ. ಇಷ್ಟು ಬೆಳಕು ನಿಯಮದ ಸೂತ್ರದಂತೆ ಕಾಣುವುದು ಸುಮಾರು 1.4 ಕಿಲೋಮೀಟರ್‌ಗೆ. ನಮ್ಮ ಟ್ರಾಲ್ ಬೋಟಿನ ತಾಂಡೇಲನಿಗೆ 15 ನಿಮಿಷದ ಬದಲು ಆರು ನಿಮಿಷವೂ ಸಿಗಲಿಲ್ಲ.

ಅದೂ ಸೆಲ್ ಪೂರ್ತಿ ಚಾರ್ಜ್ ಆಗಿ, ಒಂದಿಷ್ಟೂ ಸೋರಿಕೆಯಿಲ್ಲದೆ, ಬೆಳಕು ಎಲ್ಲ ಕಡೆಗೂ ಸಮನಾಗಿ ಹರಡಿದರೆ! ಈ ದೀಪಗಳ ಎಲ್‌ಇಡಿ ಕೆಳಮುಖವಾಗಿ ಕೂತಿರುತ್ತದೆ, ಹೂಗಿಡಕ್ಕೆ ಬೆಳಕು ಬೀಳಲಿ ಎಂದು. ಸಂಜೆ ಜೋರಾಗಿ ಉರಿದು, ನಡುರಾತ್ರಿ ದಾಟುವಷ್ಟರಲ್ಲಿ ಮಂಕಾಗುವುದು ಇವುಗಳ ಸ್ವಭಾವ. ಮೋಡದ ದಿನವಾದರೆ ಅದೂ ಇಲ್ಲ.

ಇನ್ನೊಂದು ದೋಷ ಇದೆ, ನಮ್ಮ ಮಟ್ಟಿಗೆ ಅದೇ ಎಲ್ಲಕ್ಕಿಂತ ಕೆಟ್ಟದ್ದು. ಗಾರ್ಡನ್ ಲೈಟ್ ಕತ್ತಲಾಯಿತೋ ಇಲ್ಲವೋ ಎಂದು ತಿಳಿಯುವುದು ಅದರ ಸೋಲಾರ್ ಫಲಕದಿಂದಲೇ. ಫಲಕದ ಮೇಲೆ ಬೆಳಕು ಬಿದ್ದರೆ ಹಗಲಾಯಿತು ಎಂದುಕೊಂಡು ದೀಪ ಆರಿಹೋಗುತ್ತದೆ. ಪಕ್ಕದ ದೋಣಿಯ ಫ್ಲಡ್‌ಲೈಟೋ ಜೆಟ್ಟಿಯ ಹೈಮಾಸ್ಟ್ ದೀಪವೋ ಅದನ್ನು ಆರಿಸಬಹುದು. ಹತ್ತಿರ ಬಂದ ಬೋಟ್ ಸರ್ಚ್‌ಲೈಟ್ ಬಿಟ್ಟಾಗ, ದೀಪ ಅತ್ಯಂತ ಬೇಕಾದ ಆ ಗಳಿಗೆಯಲ್ಲೇ, ಅದು ಕಣ್ಣು ಮುಚ್ಚಿಕೊಳ್ಳಬಹುದು.

ಗಾರ್ಡನ್ ಲೈಟನ್ನು ಎಸೆಯಬೇಕಿಲ್ಲ. ದೋಣಿಯೊಳಗೆ ಕಾಲಿಡುವ ಜಾಗ ಕಾಣಲು ಅದು ಚೆನ್ನಾಗಿಯೇ ಇದೆ.

ಹಾಗಾದರೆ ಮಾಡಿಕೊಳ್ಳುವುದು ಹೇಗೆ?

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಬಿಳಿ ಎಲ್‌ಇಡಿ ಸ್ಟ್ರಿಪ್ ತನ್ನಿ. ಮೀಟರಿಗೆ 60 ಎಲ್‌ಇಡಿ ಇರುವ, ಮೀಟರಿಗೆ 4.8 ವ್ಯಾಟ್ ಎಂದು ಬರೆದಿರುವ ಸಾಧಾರಣ ಸ್ಟ್ರಿಪ್ ಸಾಕು. ಅದರಲ್ಲಿ ಮೂರು ಎಲ್‌ಇಡಿಗೊಮ್ಮೆ ಕತ್ತರಿಯ ಗುರುತು ಇರುತ್ತದೆ. ಅಲ್ಲಲ್ಲಿ ಕತ್ತರಿಸಿ ಐದೈದು ಸೆಂಟಿಮೀಟರಿನ ಆರು ತುಂಡು ಮಾಡಿ. ಒಂದು ಗೇಣು ಪಿವಿಸಿ ಪೈಪಿನ ಸುತ್ತ, ಕಂಬಕ್ಕೆ ಪಟ್ಟಿ ಅಂಟಿಸಿದ ಹಾಗೆ, ನೆಟ್ಟಗೆ ಸಮಾನ ಅಂತರದಲ್ಲಿ ಅಂಟಿಸಿ. ಆರೂ ತುಂಡುಗಳ ಪ್ಲಸ್ಸನ್ನು ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಬೆಸುಗೆ ಹಾಕಿ. ಹೀಗೆ ಸುತ್ತಲೂ ಮುಖ ಮಾಡಿದ 18 ಎಲ್‌ಇಡಿಗಳು ಸುಮಾರು 1.4 ವ್ಯಾಟ್ ಉಣ್ಣುತ್ತವೆ, ನೂರರ ಆಸುಪಾಸು ಲ್ಯೂಮೆನ್ ಕೊಡುತ್ತವೆ. ಅಡ್ಡ ದಿಕ್ಕಿಗೆ ಅದು 4.3 ಕ್ಯಾಂಡೆಲಾದ ಎರಡು ಪಟ್ಟು. ಆ ಹೆಚ್ಚುವರಿ ಬೇಕೇ ಬೇಕು, ಯಾಕೆಂದರೆ ಮುಚ್ಚಳದ ಪ್ಲಾಸ್ಟಿಕ್ ಸ್ವಲ್ಪ ತಿನ್ನುತ್ತದೆ, ಮೇಲೆ ಕೂರುವ ಉಪ್ಪು ಸ್ವಲ್ಪ ತಿನ್ನುತ್ತದೆ, ಬ್ಯಾಟರಿ ಇಳಿದಂತೆ ಸ್ಟ್ರಿಪ್ ಮಂಕಾಗುತ್ತದೆ.

ಇದನ್ನು ಬಣ್ಣವಿಲ್ಲದ ಪ್ಲಾಸ್ಟಿಕ್ ಜಾಡಿಯೊಳಗಿಟ್ಟು, ಬಾಯಿ ಕೆಳಗೆ ಬರುವಂತೆ ತೂಗುಹಾಕಿ. ತಂತಿ ಹೊರಬರುವ ತೂತಿಗೆ ಸಿಲಿಕಾನ್ ಸೀಲೆಂಟ್ ಮೆತ್ತಿ. ತಂತಿಯನ್ನು ಒಮ್ಮೆ ಕೆಳಕ್ಕೆ ಬಳುಕಿಸಿ ಆಮೇಲೆ ಮೇಲಕ್ಕೆ ಒಯ್ದರೆ ಅದರ ಗುಂಟ ಇಳಿಯುವ ನೀರು ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಹಳದಿ, ಹಸಿರು ಛಾಯೆಯ ಜಾಡಿ ಬೇಡ. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಒಂದು ಆಂಪಿಯರಿನ ಫ್ಯೂಸ್ ಹಾಕುವುದನ್ನು ಮರೆಯಬೇಡಿ. ಉಪ್ಪುನೀರಿನಲ್ಲಿ ನೆನೆದ ತಂತಿ ಶಾರ್ಟ್ ಆದರೆ ಚಿಕ್ಕ ಲೆಡ್-ಆಸಿಡ್ ಬ್ಯಾಟರಿಯೂ ತಂತಿ ಕೆಂಪಗೆ ಕಾಯುವಷ್ಟು ಕರೆಂಟ್ ಹರಿಸುತ್ತದೆ. ಫೈಬರ್ ದೋಣಿಯಲ್ಲಿ ಪೆಟ್ರೋಲ್ ಕ್ಯಾನಿನ ಪಕ್ಕ ಅದು ಬೇಡವೇ ಬೇಡ.

ಎಲ್ಲಿ ಕಟ್ಟಬೇಕು? ಹಾಯಿದೋಣಿಯಲ್ಲಾದರೆ ಹಾಯಿಗಂಬಕ್ಕೆ ಒತ್ತಿ ಕಟ್ಟಬೇಡಿ, ಕಂಬದ ನೆರಳೇ ಒಂದು ದಿಕ್ಕನ್ನು ನುಂಗುತ್ತದೆ. ಹಾಯಿ ಏರಿಸುವ ಹಗ್ಗದಿಂದ ಕಂಬಕ್ಕೂ ಮೂತಿಗೂ ನಡುವೆ ಎತ್ತಿ ನಿಲ್ಲಿಸಿ. ನಾಡದೋಣಿಯಲ್ಲಾದರೆ ಬಿದಿರಿನ ಗಳುವಿಗೆ, ನಿಂತ ಮನುಷ್ಯನ ತಲೆಗಿಂತ ಮೇಲೆ. ಎದ್ದು ಓಡಾಡುವವರು ಬೆಳಕಿಗೆ ಅಡ್ಡ ಬರುವುದಿಲ್ಲ, ಬೆಳಕು ಅವರ ಕಣ್ಣಿಗೂ ಹೊಡೆಯುವುದಿಲ್ಲ. ದೀಪದ ಕೆಳಗೆ ಒಂದು ಕರಿ ತಟ್ಟೆ ಕಟ್ಟಿದರೆ ಇನ್ನೂ ಒಳ್ಳೆಯದು. ತೀರದ ಕಡೆಯಿಂದ ಹೋಟೆಲು, ರಸ್ತೆ ದೀಪಗಳ ಸಾಲು ಬೆಳಗುವ ಜಾಗದಲ್ಲಿ ನಿಮ್ಮ ಒಂದು ಬಿಳಿ ಚುಕ್ಕಿ ಆ ಸಾಲಿನಲ್ಲಿ ಕಳೆದುಹೋಗಬಹುದು. ದೋಣಿಯ ಪಕ್ಕೆಗಳಿಗೆ ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟರ್ ಟೇಪ್ ಅಂಟಿಸುವುದು ಅದಕ್ಕೆ ಅಗ್ಗದ ಎರಡನೇ ರಕ್ಷಣೆ. ಅದಕ್ಕೆ ಬ್ಯಾಟರಿಯ ಗೊಡವೆಯಿಲ್ಲ.

ಯಾವ ಬ್ಯಾಟರಿ, ಎಷ್ಟು ರಾತ್ರಿ?

1.4 ವ್ಯಾಟ್, 13 ಗಂಟೆ: ಒಂದು ರಾತ್ರಿಗೆ 19 ವ್ಯಾಟ್-ಅವರ್ ಎಂದಿಟ್ಟುಕೊಳ್ಳಿ. ಮೇಲೆ ಹೇಳಿದ ಯುಪಿಎಸ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ 84ರಲ್ಲಿ 42 ಮಾತ್ರ ನಮ್ಮದು, ಎರಡು ರಾತ್ರಿಗೆ ಸಾಕು. ತೂಕ ಎರಡು ಕಿಲೋಗಿಂತ ತುಸು ಹೆಚ್ಚು. ನಮ್ಮ ಆಯ್ಕೆ ಇದೇ. ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ, ಕೆಟ್ಟರೂ ಹೊತ್ತಿಕೊಳ್ಳುವ ಭಯ ಕಡಿಮೆ.

ಪವರ್ ಬ್ಯಾಂಕ್ ಆಗುವುದಿಲ್ಲವೇ? 10,000 ಮಿಲಿಆಂಪಿಯರ್-ಅವರ್ ಎಂದು ಬರೆದಿರುವುದು ಒಳಗಿನ 3.7 ವೋಲ್ಟಿನ ಸೆಲ್‌ನ ಲೆಕ್ಕ. ಅದು 37 ವ್ಯಾಟ್-ಅವರ್, 5 ವೋಲ್ಟಿಗೆ ಏರಿಸುವಾಗಿನ ನಷ್ಟ ಕಳೆದರೆ ಕೈಗೆ ಸಿಗುವುದು 30ರ ಹತ್ತಿರ. 1 ವ್ಯಾಟ್‌ನ ಯುಎಸ್‌ಬಿ ಬಲ್ಬಿಗೆ ಒಂದು ರಾತ್ರಿ ಧಾರಾಳ. ಆದರೆ ಒಂದು ಒಳಗುಟ್ಟಿದೆ. ಎಳೆಯುವ ಕರೆಂಟ್ ತೀರಾ ಕಡಿಮೆಯಾದರೆ ಅನೇಕ ಪವರ್ ಬ್ಯಾಂಕ್‌ಗಳು "ಫೋನ್ ಚಾರ್ಜ್ ಆಯಿತು" ಎಂದು ತಿಳಿದು ತಾವಾಗಿಯೇ ಆಫ್ ಆಗುತ್ತವೆ. ವಿದ್ಯುತ್ ಉಳಿಸಲೆಂದು ಕಾಲು ವ್ಯಾಟಿನ ಪುಟ್ಟ ದೀಪ ಹಾಕಿದವರಿಗೆ ಈ ಪೆಟ್ಟು. ನೀವು ನೋಡುವಾಗ ಉರಿಯುತ್ತಿರುತ್ತದೆ, ಮಲಗಿದ ಸ್ವಲ್ಪ ಹೊತ್ತಿಗೆ ಕತ್ತಲು.

ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ ಲಿಥಿಯಂ ಸೆಲ್‌ಗಳನ್ನು ಸೇರಿಸಿ ಕಟ್ಟುವ ವಿಡಿಯೋಗಳೂ ಇವೆ. ಅಂಥ ಬಿಡಿ ಸೆಲ್‌ಗಳಿಗೆ ರಕ್ಷಣಾ ಸರ್ಕ್ಯೂಟ್ ಇರುವುದಿಲ್ಲ. ಉಪ್ಪುನೀರು ಮತ್ತು ಲಿಥಿಯಂ ಒಟ್ಟಿಗೆ ಸೇರುವ ಜಾಗದಲ್ಲಿ ಇದನ್ನು ಮಾಡಬೇಡಿ. ಲಿಥಿಯಂ ಬೇಕೇ ಬೇಕೆಂದರೆ ರಕ್ಷಣಾ ಸರ್ಕ್ಯೂಟ್ ಸಮೇತ ಬರುವ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಕೊಳ್ಳಿ. ಇನ್ನು ಗೋಡೆ ಗಡಿಯಾರಕ್ಕೆ ಹಾಕುವ ಸಾಮಾನ್ಯ ಪೆನ್ಸಿಲ್ ಸೆಲ್‌ಗಳು: ಆಲ್ಕಲೈನ್ ಸೆಲ್‌ನಲ್ಲಿ ಒಂದಕ್ಕೆ 3 ವ್ಯಾಟ್-ಅವರ್ ಆಸುಪಾಸು, ಅಗ್ಗದ ಸೆಲ್‌ನಲ್ಲಿ ಅದರ ಅರ್ಧವೂ ಇಲ್ಲ. ಲೆಕ್ಕ ನೀವೇ ಹಾಕಿಕೊಳ್ಳಿ.

ಮೊಬೈಲಿನಲ್ಲೇ ಪರೀಕ್ಷೆ

ಪ್ಯಾಕಿನ ಮೇಲೆ ಬರೆದ ವ್ಯಾಟ್, ಲ್ಯೂಮೆನ್‌ಗಳನ್ನು ನಂಬಬೇಕಿಲ್ಲ. ನಿಮ್ಮ ಆಂಡ್ರಾಯ್ಡ್ ಫೋನಿನ ಮುಂಭಾಗದಲ್ಲಿ ಬೆಳಕು ಅಳೆಯುವ ಸೆನ್ಸರ್ ಇರುತ್ತದೆ. ಲಕ್ಸ್ ಮೀಟರ್ ಎಂಬ ಉಚಿತ ಆ್ಯಪ್‌ಗಳು ಅದನ್ನೇ ಓದುತ್ತವೆ. ಅಮಾವಾಸ್ಯೆಯ ಹತ್ತಿರದ ರಾತ್ರಿ ತಾರಸಿಯ ಮೇಲೆ, ಬಿಳಿ ಗೋಡೆಗಳಿಂದ ದೂರ, ದೀಪವನ್ನು ತೂಗುಹಾಕಿ. ಅರ್ಧ ಮೀಟರ್ ದೂರದಲ್ಲಿ, ದೀಪದ ಮಟ್ಟಕ್ಕೇ, ಫೋನಿನ ಮುಖ ದೀಪದ ಕಡೆಗಿರುವಂತೆ ಹಿಡಿಯಿರಿ. 4.3 ಕ್ಯಾಂಡೆಲಾದ ದೀಪ ಅಲ್ಲಿ 17 ಲಕ್ಸ್ ತೋರಿಸಬೇಕು. ಫೋನಿನ ಸೆನ್ಸರ್ ಒರಟು ಅಳತೆಯದ್ದು, ಆದ್ದರಿಂದ ಎರಡು ಪಟ್ಟು, 35 ಬಂದರೆ ಮಾತ್ರ ಪಾಸು ಎಂದುಕೊಳ್ಳಿ. ದೀಪದ ಸುತ್ತ ನಡೆಯುತ್ತಾ ಎಂಟು ಕಡೆ ಅಳೆಯಿರಿ. ಎಲ್ಲಾದರೂ ಒಂದು ಕಡೆ ದಿಢೀರನೆ ಇಳಿದರೆ ಅಲ್ಲಿ ತಂತಿಯೋ ಕಂಬವೋ ಅಡ್ಡ ಇದೆ.

ಇಷ್ಟಕ್ಕೆ ನಿಲ್ಲಿಸಬೇಡಿ. ಪರೀಕ್ಷೆಯ ಅಸಲಿ ಭಾಗ ಬೆಳಗಿನ ಜಾವದ್ದು. ಸಂಜೆ ಆರಕ್ಕೆ ಹಚ್ಚಿದ ದೀಪವನ್ನು ಬೆಳಿಗ್ಗೆ ಐದಕ್ಕೆ ಮತ್ತೆ ಅಳೆಯಿರಿ. ಆಗಲೂ 17ಕ್ಕಿಂತ ಮೇಲಿದ್ದರೆ ನಿಮ್ಮ ಬ್ಯಾಟರಿ ಲೆಕ್ಕ ಸರಿ. ಸಂಜೆ 60 ತೋರಿಸಿ ಬೆಳಿಗ್ಗೆ 6 ತೋರಿಸುವ ದೀಪಕ್ಕಿಂತ ರಾತ್ರಿಯಿಡೀ 35ರಲ್ಲೇ ನಿಲ್ಲುವ ದೀಪ ಮೇಲು. ಆಮೇಲೆ ಒಮ್ಮೆ ಕಣ್ಣಿನಿಂದಲೂ ನೋಡಿಬಿಡಿ. ಮಲ್ಪೆಯಂಥ ನೇರ ಕಡಲತೀರದಲ್ಲಿ ಗೆಳೆಯರೊಬ್ಬರನ್ನು ದೀಪದ ಜೊತೆ ನಿಲ್ಲಿಸಿ, ಮೂರೂಮುಕ್ಕಾಲು ಕಿಲೋಮೀಟರ್ ಬೈಕಿನಲ್ಲಿ ಹೋಗಿ ತಿರುಗಿ ನೋಡಿ. ಕಂಡರೆ ಕಂಡಿತು.

ಇವೆಲ್ಲ ತಿಳಿ ಗಾಳಿಯ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ದಡ ಸೇರಿರುವಾಗ ನಾಡದೋಣಿಗಳು ಮಳೆಯಲ್ಲೇ ಇಳಿಯುತ್ತವೆ. ಜಡಿಮಳೆಯಲ್ಲಿ ಯಾವ ಎಲ್‌ಇಡಿಯೂ ಎರಡು ಮೈಲಿ ಕಾಣುವುದಿಲ್ಲ. ಆಗ ಶಬ್ದವೇ ಗತಿ. 12 ಮೀಟರಿಗಿಂತ ಚಿಕ್ಕ ದೋಣಿ ಎರಡು ನಿಮಿಷಕ್ಕೊಮ್ಮೆಯಾದರೂ ಜೋರಾಗಿ ಸದ್ದು ಮಾಡಬೇಕು ಎನ್ನುತ್ತದೆ ನಿಯಮ. ಸೀಟಿ, ಗಂಟೆ, ಕೊನೆಗೆ ಖಾಲಿ ಡಬ್ಬವಾದರೂ ಸರಿ.

ಮಿಣುಕುವ ದೀಪ ಬೇಡ, ಬಣ್ಣದ್ದಂತೂ ಬೇಡವೇ ಬೇಡ

ಸೈಕಲ್ಲಿನ ಮಿಣುಕು ದೀಪ, ಹಬ್ಬದ ಸೀರಿಯಲ್ ಸೆಟ್ ಕಟ್ಟಿದರೆ ಬೇಗ ಗಮನ ಸೆಳೆಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ ಎನ್ನುವ ಸಲಹೆ ಕೇಳಲು ಚೆನ್ನ. ಆದರೆ ಕಡಲಿನಲ್ಲಿ ದೀಪ ಎಂದರೆ ಭಾಷೆ. ಬಿಡದೆ ವೇಗವಾಗಿ ಮಿಣುಕುವ ಬಿಳಿ ದೀಪ ನಾವಿಕರಿಗೆ "ನನ್ನ ಉತ್ತರಕ್ಕೆ ಹಾದು ಹೋಗಿ" ಎನ್ನುವ ಬೋಯೆಯ ಗುರುತು. ಬಲೆಯ ತುದಿಗೆ ಕಟ್ಟುವ ದೀಪಗಳೂ ಮಿಣುಕುತ್ತವೆ, ಹಾಗಾಗಿ ನಿಮ್ಮನ್ನು ಬರೀ ತೇಲುವ ಬೋಯೆ ಎಂದುಕೊಂಡು ಪಕ್ಕಕ್ಕೆ ಬಂದಾರು. ಕೆಂಪು ಎಂದರೆ ಚಲಿಸುವ ದೋಣಿಯ ಎಡ ಮಗ್ಗುಲು, ಹಸಿರು ಎಂದರೆ ಬಲ ಮಗ್ಗುಲು. ಸುತ್ತಲೂ ಕಾಣುವ ಕೆಂಪು ಮೇಲೆ, ಬಿಳಿ ಕೆಳಗೆ ಇದ್ದರೆ ಅದು ಮೀನು ಹಿಡಿಯುತ್ತಿರುವ ದೋಣಿ. ಟ್ರಾಲ್ ಬೋಟಾದರೆ ಹಸಿರು ಮೇಲೆ, ಬಿಳಿ ಕೆಳಗೆ. ನಿಂತ ದೋಣಿಗೆ ಇರುವುದು ಅಲುಗದೆ ಉರಿಯುವ ಒಂದು ಬಿಳಿ ದೀಪ, ಅಷ್ಟೇ. ಬಲೆ ಬಿಟ್ಟು ನೀರಿನೊಂದಿಗೆ ತೇಲುತ್ತಿದ್ದರೆ ನೀವು ಲಂಗರು ಹಾಕಿದವರಲ್ಲ, ಆಗ ಈ ದೀಪ ಸುಳ್ಳು ಹೇಳಿದಂತೆ.

ಎಲ್‌ಇಡಿ ನಿಷೇಧ ಆಗಿಲ್ಲವೇ?

ಆಗಿರುವುದು ಬೆಳಕು ಮೀನುಗಾರಿಕೆಗೆ. ಪ್ರಖರ ಎಲ್‌ಇಡಿ ದೀಪಗಳನ್ನು ಹಾಕಿ ಮೀನನ್ನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಇಂಥ ಸುದ್ದಿ "ದೋಣಿಯಲ್ಲಿ ಎಲ್‌ಇಡಿ ಇದ್ದರೆ ದಂಡ" ಎಂದು ತಿರುಚಿಕೊಳ್ಳುವುದು ಸುಲಭ. ಲಂಗರು ದೀಪ, ಸಂಚಾರ ದೀಪಗಳಿಗೆ ಎಲ್‌ಇಡಿ ಬಳಸುವುದಕ್ಕೂ ಆ ನಿಷೇಧಕ್ಕೂ ಸಂಬಂಧವಿಲ್ಲ. ಆದರೆ ನೋಂದಣಿಯಾದ ಯಾಂತ್ರೀಕೃತ ಬೋಟುಗಳು ಮನೆಯಲ್ಲಿ ಮಾಡಿದ ದೀಪವನ್ನೇ ನೆಚ್ಚಿಕೊಳ್ಳುವಂತಿಲ್ಲ. ಅವುಗಳಲ್ಲಿ ಇರಬೇಕಾದ್ದು ಪ್ರಮಾಣಿತ ದೀಪ. ಜಾಡಿಯ ದೀಪ ಅಲ್ಲಿ ಬದಲಿಗೆ ಮಾತ್ರ, ಮೊದಲನೆಯದು ಕೆಟ್ಟ ರಾತ್ರಿಗೆ.

ಕೊನೆಯದಾಗಿ ವಿಎಚ್‌ಎಫ್ ಸೆಟ್ ಇರುವವರಿಗೆ ಒಂದು ಮಾತು. ಅಗ್ಗದ ಎಲ್‌ಇಡಿ ಬಲ್ಬುಗಳೊಳಗಿನ ಸರ್ಕ್ಯೂಟ್ ರೇಡಿಯೋ ಗದ್ದಲ ಹೊರಡಿಸಬಹುದು. ವಿಎಚ್‌ಎಫ್ ಮತ್ತು ಹಡಗುಗಳ ಸ್ವಯಂ ಗುರುತಿನ ವ್ಯವಸ್ಥೆಯ ಸಂಕೇತವನ್ನು ಇದು ಮುಚ್ಚಿಹಾಕುತ್ತದೆ ಎಂದು ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಎಚ್ಚರಿಕೆ ಹೊರಡಿಸಿತ್ತು. ಪರೀಕ್ಷೆ ಸುಲಭ. ಯಾರೂ ಮಾತಾಡದ ಚಾನೆಲ್‌ಗೆ ಹೋಗಿ, ಗರಗರ ಸದ್ದು ಆಗಷ್ಟೇ ನಿಲ್ಲುವಲ್ಲಿಗೆ ಸ್ಕ್ವೆಲ್ಚ್ ಗುಂಡಿಯನ್ನು ತಿರುಗಿಸಿ, ಆಮೇಲೆ ದೀಪ ಹಚ್ಚಿ. ಗರಗರ ಮರಳಿ ಬಂದರೆ ಆ ಬಲ್ಬ್ ಬದಲಾಯಿಸಿ, ಇಲ್ಲವೇ ಆಂಟೆನಾದಿಂದ ದೂರ ಕಟ್ಟಿ. ತುರ್ತು ಕರೆಯ 16ನೇ ಚಾನೆಲ್ ಕೇಳಿಸುತ್ತಿರಬೇಕು. ಮೊಬೈಲ್ ಸಿಗ್ನಲ್ ಇರುವಲ್ಲಿ ಭಾರತೀಯ ಕೋಸ್ಟ್ ಗಾರ್ಡ್‌ನ ಸಂಖ್ಯೆ 1554.